ಆರು ವರ್ಷ ಕಾಣದ ಬೋರ್ಡು



ಅಪ್ಪನ ಜಮೀನಿನಲ್ಲಿ ಪಾಲು ಕೇಳಿ ದಾವೆ ಹೂಡಿ ಆರು ವರ್ಷವಾಯಿತು. ಮೊದಲ ದಿನವೇ ವಕೀಲರು ವಕಾಲತ್ತಿಗೆ ಸಹಿ ಹಾಕಿಸಿಕೊಂಡರು. ಒಟ್ಟು ಫೀಸು ಎಷ್ಟೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ವಾಯಿದೆಗೊಮ್ಮೆ ಐನೂರೋ ಸಾವಿರವೋ ಕೊಟ್ಟಿದ್ದೇನೆ, ರಸೀದಿ ಒಂದೂ ಇಲ್ಲ. ಇತ್ತ ದಾವೆ ಹೂಡಿದ್ದಕ್ಕೆ ತವರಿನ ಗೌರಿ ಬಾಗಿನವೂ ನಿಂತಿತು.

ಪಿತ್ರಾರ್ಜಿತದಲ್ಲಿ ಹಿಂದೂ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಎಂದು ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ಆದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಹೆಂಗಸರು, ಆದಾಯ ಎಷ್ಟೇ ಇರಲಿ, ಉಚಿತ ವಕೀಲರಿಗೆ ಅರ್ಜಿ ಹಾಕಬಹುದೆಂದು ನನಗೆ ತಿಳಿದದ್ದು ಮೊನ್ನೆ, ಕೋರ್ಟಿನ ಕ್ಯಾಂಟೀನಿನಲ್ಲಿ! ಆ ಅರ್ಜಿ ಕೊಡಬೇಕಾದ ತಾಲ್ಲೂಕು ಕಾನೂನು ಸೇವಾ ಸಮಿತಿಯ ಕೊಠಡಿ ನಾನು ದಿನಾ ಹತ್ತುವ ಮೆಟ್ಟಿಲ ಪಕ್ಕದಲ್ಲೇ ಇತ್ತು. ಬೋರ್ಡಿಗೆ ಅಡ್ಡವಾಗಿ ಹಳೇ ಬೀರು.

ಆ ಬೀರುವನ್ನು ಸರಿಸಿ. ಉಚಿತ ಕಾನೂನು ನೆರವಿನ ಸಹಾಯವಾಣಿ 15100.

– ಒಬ್ಬ ಓದುಗಿ, ತುಮಕೂರು ಜಿಲ್ಲೆ