ಕಂಪನಿಗೆ ಕಂಪ್ಯೂಟರ್ ತರೋ ಮುಂಚೆ ನನ್ನದೊಂದು ಮಾತು

ನಮ್ಮ ರೈತ ಉತ್ಪಾದಕ ಕಂಪನಿಗೆ ಕಂಪ್ಯೂಟರ್ ತಗೊಳ್ಳೋದು ಅಂತ ತೀರ್ಮಾನ ಆಗಿದೆ. ಯಾವುದು ಅನ್ನೋದು ಮಾತ್ರ ಬಾಕಿ. ಮೂರು ಕೊಟೇಶನ್ ಬಂದಿರೋದನ್ನ ಗ್ರೂಪಿನಲ್ಲಿ ಎಲ್ಲರೂ ನೋಡಿರ್ತೀರಿ. ಎರಡು 70 ಸಾವಿರ ದಾಟಿದ ಹೊಸ ಲ್ಯಾಪ್‌ಟಾಪು, ಇನ್ನೊಂದು ದೊಡ್ಡ ಪರದೆಯ ಡೆಸ್ಕ್‌ಟಾಪು. ಮೂರೂ ಬೇಡ ಅಂತ ನನ್ನ ಅಭಿಪ್ರಾಯ. ಸಭೆಯಲ್ಲಿ ಇಷ್ಟೆಲ್ಲ ಹೇಳಕ್ಕೆ ಸಮಯ ಸಿಗಲ್ಲ, ಅದಕ್ಕೆ ಇಲ್ಲಿ ಬರೀತಿದೀನಿ. ಶೇರಿನ ದುಡ್ಡು ನಮ್ಮೆಲ್ಲರದ್ದು, ಓದಿಕೊಂಡು ಬನ್ನಿ.

ಮೊದಲು ಕೆಲಸ ಏನು ಅಂತ ನೋಡಿ. ಅಡಿಕೆ, ಮೆಣಸಿನ ಖರೀದಿ ಲೆಕ್ಕ. ಗೊಬ್ಬರದ ಸ್ಟಾಕು. ಸದಸ್ಯರ ಪಟ್ಟಿ, ಜಿಎಸ್‌ಟಿ, ಯಾರಾದ್ರೂ ಕೇಳಿದ್ರೆ ಪಹಣಿ ತೆಗೆದು ಕೊಡೋದು, ಫ್ರೂಟ್ಸ್ ಐಡಿ ನೋಡೋದು. ಇದರಲ್ಲಿ ಯಾವುದಕ್ಕೂ ಆಟ ಆಡೋ ಲ್ಯಾಪ್‌ಟಾಪಿನ ವೇಗ ಬೇಕಾಗಿಲ್ಲ. ಬೇಕಾಗಿರೋದು ಒಂದೇ: ಕೊಯ್ಲಿನ ಟೈಮಲ್ಲಿ ಒಬ್ಬ ಮೂಟೆ ತಂದು ತಕ್ಕಡಿ ಮೇಲೆ ಇಟ್ಟು ನಿಂತಿರುವಾಗ ಮೆಷಿನ್ ಕೈಕೊಡಬಾರದು. ಬಿಲ್ ಇಲ್ಲದೆ ಅವತ್ತು ವಾಪಸ್ ಹೋದವನು ಮುಂದಿನ ಸಲ ಮೂಟೆಯನ್ನ ನಮ್ಮ ಹತ್ರ ತರಲ್ಲ, ಸೀದಾ ಮಂಡಿಗೆ ಹೋಗ್ತಾನೆ.

ನಮಗೆ ಇದು ಹೊಸ ವಿಚಾರ ಏನಲ್ಲ ಮಾರಾಯ್ರೆ. ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಸಿ ನೂರು ವರ್ಷ ದಾಟಿತು. ಇವತ್ತಿಗೂ ಮಳೆಗಾಲದ ಮುಂಚೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಅಂತಲೇ ಕಲಸ್ತೀವಿ. ಡಬ್ಬಿಯಲ್ಲಿ ಹೊಸ ಔಷಧಿ ಎಷ್ಟೋ ಬಂತು, ಹೋಯ್ತು. ಕೆಲಸ ಮಾಡೋದನ್ನ ಬಿಡಬೇಡಿ ಅನ್ನೋ ನಾವೇ ಕಂಪ್ಯೂಟರ್ ಅಂದ ತಕ್ಷಣ ಯಾಕೆ ಹೊಸದರ ಹಿಂದೆ ಓಡ್ತೀವಿ?

ನನ್ನ ಸಲಹೆ ಇಷ್ಟು. ಬೆಂಗಳೂರಿನ ದೊಡ್ಡ ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಬದಲಾಯಿಸೋ ಲ್ಯಾಪ್‌ಟಾಪುಗಳು ಎಸ್‌ಪಿ ರೋಡಿಗೆ ಬರ್ತಾವೆ. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ಅನ್ನೋ ಹೆಸರಿನವು. ನೋಡಕ್ಕೆ ಚಂದ ಇಲ್ಲ, ಆದ್ರೆ ದಿನಾ ಕೆಲಸಕ್ಕೆ ಅಂತಲೇ ಮಾಡಿದ್ದು. ಹಿಂಬದಿ ಸ್ಕ್ರೂ ಬಿಚ್ಚಿದರೆ ಬ್ಯಾಟರಿ, ಡಿಸ್ಕು, ಹೆಚ್ಚಿನದರಲ್ಲಿ ರ‍್ಯಾಮ್ ಕೂಡ ಬದಲಾಯಿಸಬಹುದು. ಇಂಥದ್ದು, ಒಂದೇ ಮಾಡೆಲಿನ ಎರಡು ತನ್ನಿ. ಹೊಸದೊಂದರ ದುಡ್ಡಲ್ಲಿ ಎರಡೂ ಬರ್ತವೆ. ಒಂದರ ಚಾರ್ಜರ್ ಇನ್ನೊಂದಕ್ಕೆ ಆಗತ್ತೆ, ಒಂದು ಕೆಟ್ಟರೆ ಇನ್ನೊಂದರಲ್ಲಿ ಅವತ್ತಿನ ಬಿಲ್ ಆಗತ್ತೆ.

"ಹಳೇದಕ್ಕೆ ವಾರಂಟಿ ಇಲ್ಲ" ಅಂತ ಕೆಲವರು ಹೇಳ್ತಾರೆ. ಸರಿ. ಹೊಸದು ಕೆಟ್ಟರೆ ಶಿವಮೊಗ್ಗಕ್ಕೆ ಒಯ್ದು ಸರ್ವಿಸ್ ಸೆಂಟರಿಗೆ ಕೊಟ್ಟು ಕಾಯಬೇಕು. ಆ ಎರಡು ವಾರ ವಾರಂಟಿ ಕಾರ್ಡು ತೂಕದ ಚೀಟಿ ಬರೆದು ಕೊಡತ್ತಾ? ಆದ್ರೂ ತಗೊಳ್ಳುವಾಗ ಎಚ್ಚರ ಇರಲಿ. ಇಂಟೆಲ್ ಆದರೆ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದು, ರ‍್ಯಾಮ್ 8 ಜಿಬಿ, ಡಿಸ್ಕು ಎಸ್‌ಎಸ್‌ಡಿನೇ ಆಗಿರಬೇಕು. ತಿರುಗೋ ಹಾರ್ಡ್ ಡಿಸ್ಕ್ ಇರೋದನ್ನ ಪುಕ್ಕಟೆ ಕೊಟ್ಟರೂ ಬೇಡ. ಬಯೋಸ್ ಪಾಸ್‌ವರ್ಡ್ ಹಾಕಿಟ್ಟಿಲ್ಲ ಅಂತ ಅಲ್ಲೇ ಆನ್ ಮಾಡಿ ನೋಡಬೇಕು. ಜಿಎಸ್‌ಟಿ ಬಿಲ್ ಕೊಡದ ಅಂಗಡಿ ಬೇಡ, ಆಡಿಟ್‌ಗೆ ಬೇಕಾಗತ್ತೆ.

ಡೆಸ್ಕ್‌ಟಾಪು ಬೇಡ ಅಂದಿದ್ದು ನಮ್ಮೂರಿನ ಕರೆಂಟು ನೋಡಿ. ಅದಕ್ಕೊಂದು ಯುಪಿಎಸ್ ಬೇಕು, ಯುಪಿಎಸ್ಸಿಗೆ ಕೆಲವು ವರ್ಷಕ್ಕೊಮ್ಮೆ ಬ್ಯಾಟರಿ ಬೇಕು. ಲ್ಯಾಪ್‌ಟಾಪಿನ ಹೊಟ್ಟೆಯಲ್ಲೇ ಬ್ಯಾಟರಿ ಇದೆ. ಗುಡುಗು ಶುರುವಾದರೆ ಚಾರ್ಜರೂ ಇಂಟರ್‌ನೆಟ್ ವಯರೂ ಕಿತ್ತು ಕೆಲಸ ಮುಂದುವರಿಸಬಹುದು. ಸಿಡಿಲಿಗೆ ಮೋಡೆಮ್ ಸುಟ್ಟುಕೊಂಡವರು ನಮ್ಮಲ್ಲಿ ಎಷ್ಟು ಜನ ಇದೀರಿ ಅಂತ ನಾನು ಹೇಳಬೇಕಾಗಿಲ್ಲ.

ಸಾಫ್ಟ್‌ವೇರ್ ವಿಷಯದಲ್ಲಿ ಜಗಳ ಜಾಸ್ತಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. 8ನೇ ತಲೆಮಾರು ಅಂದಿದ್ದು ಅದಕ್ಕೇ, ಅದಕ್ಕಿಂತ ಹಳೇ ಇಂಟೆಲ್ ಮೆಷಿನ್ನುಗಳಲ್ಲಿ ಹೆಚ್ಚಿನವಕ್ಕೆ ವಿಂಡೋಸ್ 11 ಅಧಿಕೃತವಾಗಿ ಆಗಲ್ಲ. ಆಡಿಟರು ಟ್ಯಾಲಿನೇ ಬೇಕು ಅಂತಾರೆ, ಟ್ಯಾಲಿಗೆ ವಿಂಡೋಸೇ ಬೇಕು. ಹಾಗಾಗಿ ಒಂದರಲ್ಲಿ ಅಸಲಿ ವಿಂಡೋಸ್ 11 ಇರಲಿ, ಡಿಜಿಟಲ್ ಸಹಿಯ ಟೋಕನ್ನೂ ಅದರಲ್ಲೇ. "300 ರೂಪಾಯಿಗೆ ಹಾಕಿಕೊಡ್ತೀನಿ" ಅನ್ನೋ ಕಳ್ಳ ವಿಂಡೋಸ್ ಬೇಡವೇ ಬೇಡ. ಬ್ಯಾಂಕ್ ವ್ಯವಹಾರ ಮಾಡೋ ಮೆಷಿನ್ನಿಗೆ ಯಾರೋ ಮಾಡಿದ ಕಳ್ಳ ಬೀಗ ಯಾಕೆ?

ಇನ್ನೊಂದಕ್ಕೆ ಲಿನಕ್ಸ್ ಮಿಂಟ್ ಹಾಕೋಣ. ದುಡ್ಡಿಲ್ಲ. ಈಗಿನ 22ನೇ ಸರಣಿಗೆ 2029ರ ತನಕ ಅಪ್‌ಡೇಟ್ ಸಿಗತ್ತೆ. ಪಹಣಿ, ಬ್ಯಾಂಕು, ಮೇಲ್ ಎಲ್ಲ ಬ್ರೌಸರಿನಲ್ಲಿ ಆಗೋ ಕೆಲಸ, ಪಟ್ಟಿ ಮಾಡಕ್ಕೆ ಲಿಬ್ರೆಆಫೀಸ್ ಜೊತೆಗೇ ಬರತ್ತೆ. ನಾನು ಮನೆಯ ತೋಟದ ಲೆಕ್ಕ ಅದರಲ್ಲೇ ಇಡೋದು. ಟ್ಯಾಲಿ ಮೆಷಿನ್ ಕೆಟ್ಟ ದಿನ ಇದರಲ್ಲಿ ಸಾದಾ ಪಟ್ಟಿಯಲ್ಲಿ ಬಿಲ್ ಬರೆದು, ಆಮೇಲೆ ಟ್ಯಾಲಿಗೆ ಏರಿಸಿಕೊಂಡರಾಯ್ತು.

ಸದಸ್ಯರ ಹೆಸರನ್ನೆಲ್ಲ ಯೂನಿಕೋಡ್ ಕನ್ನಡದಲ್ಲೇ ಟೈಪ್ ಮಾಡಬೇಕು, ಇದೊಂದು ಹಠ ನನ್ನದು. ಹಳೇ ನುಡಿ ಫಾಂಟಿನಲ್ಲಿ ಮಾಡಿದ ಪಟ್ಟಿಯನ್ನ ಫೋನಿಗೆ ಕಳಿಸಿದ್ರೆ ಏನು ಕಾಣತ್ತೆ ಅಂತ ನೋಡಿದೀರಲ್ಲ. ನುಡಿಯಲ್ಲೇ ಯೂನಿಕೋಡ್ ಇದೆ, ಅದೇ ಕೀಲಿಗಳು, ಹೊಸದಾಗಿ ಕಲಿಯೋದೂ ಬೇಡ.

ಇನ್ನು ಬ್ಯಾಕಪ್. ಎಸ್‌ಎಸ್‌ಡಿ ಸಾಯುವಾಗ ಕಟಕಟ ಸದ್ದು ಮಾಡಿ ಹೇಳಲ್ಲ, ಬೆಳಿಗ್ಗೆ ಆನ್ ಮಾಡಿದ್ರೆ ಇರಲ್ಲ ಅಷ್ಟೆ. ಎರಡು ಹೊರಗಿನ ಡಿಸ್ಕ್ ತಂದು ವಾರ ಬಿಟ್ಟು ವಾರ ಕಾಪಿ ಮಾಡಬೇಕು. ಒಂದು ಆಫೀಸಲ್ಲಿ, ಇನ್ನೊಂದು ಬೇರೆ ಯಾರದ್ದಾದರೂ ಮನೆಯ ಬೀರುವಿನಲ್ಲಿ. ತಿಂಗಳಿಗೊಮ್ಮೆ ಆ ಕಾಪಿ ತೆರೆದು ನೋಡೋ ಜವಾಬ್ದಾರಿ ಒಬ್ಬರ ಹೆಸರಿಗೇ ಬರೆಯಬೇಕು. ಎಲ್ಲರೂ ಮಾಡೋಣ ಅಂದ್ರೆ ಯಾರೂ ಮಾಡಲ್ಲ, ಕೆರೆ ಹೂಳೆತ್ತೋ ವಿಷಯ ನೆನಪಿದೆಯಲ್ಲ.

ಪ್ರಿಂಟರು ಕಪ್ಪು-ಬಿಳುಪಿನ ಲೇಸರ್ ಸಾಕು. ಕಲರ್ ಇಂಕಿನದ್ದು ದಿನಾ ಬಳಸದೆ ಇದ್ರೆ ಶಾಯಿ ಒಣಗಿ ಕಟ್ಟಿಕೊಳ್ಳತ್ತೆ. ಲೇಸರನ್ನ ಸಣ್ಣ ಇನ್ವರ್ಟರಿಗೆ ಹಾಕಬೇಡಿ, ಬಿಸಿಯಾಗುವಾಗ ಒಮ್ಮೆಲೇ ಜಾಸ್ತಿ ಕರೆಂಟು ಎಳೀತದೆ. ಮಳೆಗಾಲದಲ್ಲಿ ಕಾಗದ ಹೊರಗಿಟ್ಟರೆ ಥಂಡಿ ಹಿಡಿದು ಒಳಗೆ ಸಿಕ್ಕಿಹಾಕಿಕೊಳ್ಳೋದು ಖಂಡಿತ. ಮುಚ್ಚಳ ಗಟ್ಟಿ ಇರೋ ಒಂದು ಡಬ್ಬಿ ನಮ್ಮನೆಯಲ್ಲಿದೆ, ಅದನ್ನ ನಾನೇ ತಂದು ಕೊಡ್ತೀನಿ.