ಹುಳು ಹೋದ ಮೇಲೆ

ವಿಜಯಪುರ ಜಿಲ್ಲೆಯ ಮಸೂತಿಯಂಥ ಊರುಗಳ ಶಾಲೆಗಳಲ್ಲಿ ಮಕ್ಕಳಿಗೆ ಜಂತುಹುಳುವಿನ ಮಾತ್ರೆ ಕೊಡುವ ದಿನವೊಂದುಂಟು. 2015ರಲ್ಲಿ ದೇಶದಲ್ಲಿ ಆರಂಭವಾದ ಈ ಕಾರ್ಯಕ್ರಮದಂತೆ, ಎರಡು ವರ್ಷ ತುಂಬಿದ ಮಗುವಿಗೆ 400 ಮಿಲಿಗ್ರಾಂ ಅಲ್ಬೆಂಡಜೋಲ್ ಸಲ್ಲುತ್ತದೆ. ಇಂಥ ಊರುಗಳಿಂದ ಪೇಟೆಗೆ ಬಂದು ನೆಲೆಸಿದ ಹಿರಿಯರು ಅನೇಕರು ನುಂಗುವುದಾದರೋ ಸಕ್ಕರೆ ಕಾಯಿಲೆಯ ಮಾತ್ರೆಯನ್ನು. ಈ ಎರಡಕ್ಕೂ ನಂಟು ಉಂಟೆಂದರೆ ಯಾರಾದರೂ ನಕ್ಕಾರು. ಆದರೆ ಉಂಟೆನ್ನಲು ಕಾರಣಗಳಿವೆ.

ಕರುಳಿನಲ್ಲಿ ಬೀಡುಬಿಟ್ಟ ಹುಳು ತನ್ನ ಉಳಿವಿಗಾಗಿ ಶರೀರದ ರಕ್ಷಣಾಶಕ್ತಿಯನ್ನು ಶಾಂತಗೊಳಿಸುತ್ತದೆ. ಅದರಿಂದ ಕೊಬ್ಬಿನೊಳಗಿನ ಉರಿಯೂತ ತಗ್ಗಿದರೆ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ. ಎರಡನೆಯ ಬಗೆಯ ಮಧುಮೇಹದ ಮೂಲವೇ ಇನ್ಸುಲಿನ್ನಿಗೆ ಶರೀರ ಒಡ್ಡುವ ಪ್ರತಿರೋಧ. ಇಂಡೋನೇಷ್ಯಾದ ಫ್ಲೋರೆಸ್ ದ್ವೀಪದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹುಳುವಿದ್ದವರಿಗೆ ಔಷಧ ಕೊಟ್ಟ ಬಳಿಕ ಈ ಪ್ರತಿರೋಧ ಏರಿತು. ಇಡೀ ಸಮುದಾಯವನ್ನು ಒಟ್ಟಾಗಿ ನೋಡಿದಾಗ ಮಾತ್ರ ವ್ಯತ್ಯಾಸ ಕಾಣಲಿಲ್ಲ.

ಹಾಗೆಂದು ಹುಳುವನ್ನು ಸಾಕಿಕೊಳ್ಳಬೇಕೆ? ಖಂಡಿತ ಕೂಡದು. ಕೊಕ್ಕೆಹುಳು ರಕ್ತ ಹೀರಿ ಮಗುವನ್ನು ಬಿಳಿಚಿಸುತ್ತದೆ; ಬೆಳವಣಿಗೆಯನ್ನೂ ಕಲಿಕೆಯನ್ನೂ ಕುಂದಿಸುತ್ತದೆ. ಅದು ಹೋಗಲೇಬೇಕು. ಹೋದ ಮೇಲೆ ಜೋಳದ ರೊಟ್ಟಿ, ಸೊಪ್ಪು, ಕಾಳು, ಮೈ ಬೆವರುವ ದುಡಿಮೆ ಉಳಿಯಬೇಕು. ಸಿಹಿತಿಂಡಿಯೂ ಕುಳಿತಲ್ಲೇ ಕುಳಿತಿರುವ ರೂಢಿಯೂ ಮನೆ ಹೊಗಬಾರದು. ಮಗುವಿಗೆ ಮಾತ್ರೆ ಅಗಿಯಿಸಿದ ದಿನವೇ ಹಿರಿಯರು ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಂಡರೆ ಮನೆಗೆ ಎರಡು ಲಾಭ.