ಅದಿರಿನಿಂದ ಕಬ್ಬಿಣ ಹೊರಡಿಸುವ ಲೆಕ್ಕ

ಮೊಮ್ಮಕ್ಕಳೇ, ಈ ವಾರ ನಿಮ್ಮ ಊಟದ ಡಬ್ಬಿಯಿಂದ ಶುರು ಮಾಡೋಣ. ಅದು ಸ್ಟೀಲಿನದು ತಾನೆ? ಹುಳಿ ಹಾಕಿದರೂ ಕಿಲುಬು ಹಿಡಿಯುವುದಿಲ್ಲ, ನೀರಿನಲ್ಲಿ ನೆನೆದರೂ ತುಕ್ಕು ಬರುವುದಿಲ್ಲ. ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಬೀದಿ ಬೀದಿಗೆ ಬರುತ್ತಿದ್ದ ಕಾಲ ನಿಮ್ಮ ಅಜ್ಜಿಗೆ ನೆನಪಿರುತ್ತದೆ, ಕೇಳಿ ನೋಡಿ. ತಿದಿ ಒತ್ತಿ, ನವಸಾಗರ ಉಜ್ಜಿ, ತವರ ಬಳಿದರೆ ಪಾತ್ರೆಯ ಒಳಮೈ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

ಸ್ಟೀಲಿಗೆ ಆ ಖರ್ಚಿಲ್ಲ. ತನ್ನ ಕಲಾಯಿಯನ್ನು ಅದು ತಾನೇ ಹಾಕಿಕೊಳ್ಳುತ್ತದೆ! ಅದರಲ್ಲಿ ಬೆರೆತಿರುವ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಸೇರಿ, ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟುತ್ತದೆ. ಅದಕ್ಕೆ 100 ಪಾಲಿನಲ್ಲಿ ಹತ್ತೂವರೆ ಪಾಲಾದರೂ ಕ್ರೋಮಿಯಂ ಇರಬೇಕು. ಈ ಲೋಹವನ್ನು 1797ರಲ್ಲಿ ಕಂಡುಹಿಡಿದವರು ಫ್ರಾನ್ಸಿನ ವಾಕ್ಲಾ ಎಂಬ ವಿಜ್ಞಾನಿ.

ಕ್ರೋಮಿಯಂ ಸಿಗುವುದು ಕ್ರೋಮೈಟ್ ಎಂಬ ಕಪ್ಪು ಅದಿರಿನಲ್ಲಿ. ನಮ್ಮ ದೇಶದ ಕ್ರೋಮೈಟಿನ ಬಹುಪಾಲು ಒಡಿಶಾದ ಸುಕಿಂದ ಕಣಿವೆಯಲ್ಲಿದೆ. ನಮಗೆ ಹತ್ತಿರದ್ದೂ ಒಂದಿದೆ. ಶಿರಾದಿಂದ ಹುಳಿಯಾರು, ಚಿಕ್ಕನಾಯಕನಹಳ್ಳಿ, ತಿಪಟೂರು ದಾಟಿ ಹೋದರೆ ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಸಿಗುತ್ತದೆ. ಅಲ್ಲಿನ ಹೊಯ್ಸಳರ ಲಕ್ಷ್ಮೀನರಸಿಂಹ ದೇವಸ್ಥಾನ ನೋಡಲು ಜನ ಹೋಗುತ್ತಾರೆ. ಅದೇ ಸೀಮೆಯ ಬೈರಾಪುರದಲ್ಲಿ ರಾಜ್ಯ ಸರ್ಕಾರದ ಮೈಸೂರು ಮಿನರಲ್ಸ್ ಸಂಸ್ಥೆ ಕ್ರೋಮೈಟ್ ಗಣಿ ನಡೆಸಿತ್ತು.

ಅಗೆದ ಅದಿರನ್ನು ಪುಡಿ ಮಾಡಿ ನೀರಿನಲ್ಲಿ ತೊಳೆಯುತ್ತಾರೆ. ಹಗುರವಾದ ಕಲ್ಲಿನ ಪುಡಿ ನೀರಿನೊಡನೆ ಹೋಗುತ್ತದೆ, ಭಾರವಾದ ಕ್ರೋಮೈಟ್ ಉಳಿಯುತ್ತದೆ. ಅಜ್ಜಿ ಮೊರದಲ್ಲಿ ರಾಗಿ ಹಸನು ಮಾಡುವುದಿಲ್ಲವೇ, ಹಾಗೆಯೇ. ಆದರೆ ಹಸನಾದ ಈ ಅದಿರಿನಲ್ಲೂ ಒಂದು ತೊಡಕಿದೆ. ಕ್ರೋಮೈಟಿನ ಕಣದೊಳಗೇ ಕಬ್ಬಿಣವಿದೆ. ರಾಗಿಯಲ್ಲಿ ಬೆರೆತ ಕಲ್ಲನ್ನು ಆರಿಸಿ ಬಿಸಾಡಬಹುದು. ಮುದ್ದೆಗೆ ಹಾಕಿ ತೊಳಸಿದ ಉಪ್ಪನ್ನು ಆರಿಸಿ ತೆಗೆಯುವುದು ಹೇಗೆ? ಮೊರವೂ ಆಗದು, ಅಯಸ್ಕಾಂತವೂ ಆಗದು.

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು. ಆದ್ದರಿಂದ ಇದನ್ನು ಲೆಕ್ಕವಾಗಿಯೇ ನೋಡೋಣ. ಕ್ರೋಮೈಟಿನ ಸೂತ್ರದಲ್ಲಿ ಕಬ್ಬಿಣದ ಒಂದು ಪರಮಾಣು, ಕ್ರೋಮಿಯಂನ ಎರಡು. ತೂಕದಲ್ಲಿ ಕಬ್ಬಿಣ 56, ಕ್ರೋಮಿಯಂ 52ರಂತೆ 104. ಭಾಗಿಸಿದರೆ ಕಬ್ಬಿಣದ ಎರಡರಷ್ಟೂ ಕ್ರೋಮಿಯಂ ಇಲ್ಲ, 1.86 ಮಾತ್ರ! ಕೆಲವು ಕಡೆ ಮೆಗ್ನೀಸಿಯಂ ಬಂದು ಕಬ್ಬಿಣದ ಜಾಗದಲ್ಲಿ ಕೂತಿರುತ್ತದೆ. ಅಂಥ ಅದಿರಿನಲ್ಲಿ ಅನುಪಾತ ಮೇಲೇರುತ್ತದೆ. ಸ್ಟೀಲಿಗೆ ಬೆರೆಸುವ ಫೆರೋಕ್ರೋಮ್ ಮಾಡುವವರು ಹಿಂದಿನಿಂದಲೂ ಬಯಸುವುದು ಮೂರಕ್ಕೊಂದನ್ನು, ಅಂದರೆ 3 ಪಾಲು ಕ್ರೋಮಿಯಂಗೆ 1 ಪಾಲು ಕಬ್ಬಿಣ. ಅದಕ್ಕಿಂತ ಕಡಿಮೆಯದಕ್ಕೆ ಬೆಲೆಯೂ ಕಡಿಮೆ.

ಈಗ ನಮ್ಮ ಹತ್ತಿರ 100 ಕಿಲೋ ಹಸನಾದ ಅದಿರಿದೆ ಎನ್ನೋಣ. ಅದರಲ್ಲಿ ಕ್ರೋಮಿಯಂ 30 ಕಿಲೋ, ಕಬ್ಬಿಣ 15 ಕಿಲೋ. ಅನುಪಾತ 2. ಅದನ್ನು 3 ಮಾಡಲು ಕಬ್ಬಿಣ 10 ಕಿಲೋಗೆ ಇಳಿಯಬೇಕು. ಕಣದೊಳಗಿನ ಆ 5 ಕಿಲೋವನ್ನು ಹೊರಡಿಸುವುದು ಯಾರು?

ಕ್ಲೋರಿನ್ ಅನಿಲ. ಅದಿರಿನ ಪುಡಿಗೆ ಇದ್ದಿಲು ಅಥವಾ ಕೋಕ್ ಬೆರೆಸಿ, ಕುಲುಮೆಯಲ್ಲಿ ನೂರಾರು ಡಿಗ್ರಿ ಕಾಯಿಸಿ, ಕ್ಲೋರಿನ್ ಹಾಯಿಸುತ್ತಾರೆ. ಇದ್ದಿಲು ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ, ಕ್ಲೋರಿನ್ ಕಬ್ಬಿಣವನ್ನು ಹಿಡಿಯುತ್ತದೆ. ಹೀಗೆ ಹುಟ್ಟುವ ಫೆರಿಕ್ ಕ್ಲೋರೈಡ್ ಸುಮಾರು 315 ಡಿಗ್ರಿಗೇ ಆವಿಯಾಗಿ ಎದ್ದು ಹೋಗುತ್ತದೆ. ಕ್ರೋಮಿಯಂ ಕ್ಲೋರೈಡ್ ಹಾಗೆ ಏಳಬೇಕಾದರೆ ಇನ್ನೂ ಬಹಳ ಹೆಚ್ಚು ಕಾವು ಬೇಕು. ಆದ್ದರಿಂದ ಕಾವನ್ನು ಹದವಾಗಿ ಹಿಡಿದರೆ ಕಬ್ಬಿಣ ಹೊರಡುತ್ತದೆ, ಕ್ರೋಮಿಯಂ ಉಳಿಯುತ್ತದೆ. ಹದ ತಪ್ಪಿ ಕಾವೇರಿದರೆ ಬೇಕಾದದ್ದೂ ಹೊಗೆಯೊಡನೆ ಹೋಗುತ್ತದೆ.

ಆದರೆ ಖರ್ಚಿನ ಕಡೆಯನ್ನೂ ಬರೆಯದೆ ಖಾತೆ ಮುಚ್ಚಬಾರದು. 56 ಕಿಲೋ ಕಬ್ಬಿಣಕ್ಕೆ 106.5 ಕಿಲೋ ಕ್ಲೋರಿನ್ ಬೇಕು. ನಮ್ಮ 5 ಕಿಲೋಗೆ ಸುಮಾರು ಒಂಬತ್ತೂವರೆ ಕಿಲೋ! ತೆಗೆಯುವ ಸರಕಿಗಿಂತ ತೆಗೆಯುವವನ ತೂಕವೇ ಹೆಚ್ಚು. ಕ್ಲೋರಿನ್ ಎಂದರೆ ಸಾಧುವೂ ಅಲ್ಲ. ಹದವಾಗಿ ಬೆರೆಸಿದರೆ ನಲ್ಲಿ ನೀರಿನ ರೋಗಾಣುಗಳನ್ನು ಕೊಲ್ಲುತ್ತದೆ, ನಿಜ. ಆದರೆ ಮೊದಲನೇ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 22ರಂದು, ಬೆಲ್ಜಿಯಂನ ಈಪರ್ ಬಳಿ ಜರ್ಮನ್ ಸೈನ್ಯ ಶತ್ರುಗಳ ಮೇಲೆ ಬಿಟ್ಟದ್ದೂ ಇದೇ ಅನಿಲವನ್ನು. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದ ಇದು ನೆಲ ಹಿಡಿದು ಹರಿಯುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ಸೋರಿದರೆ ಮೊದಲು ಕೆಮ್ಮುವುದು ಕುಲುಮೆಯ ಮುಂದೆ ನಿಂತ ಕೂಲಿಯವರು, ಆಮೇಲೆ ಪಕ್ಕದ ಊರಿನ ಮಕ್ಕಳು.

ಹಾಗಾದರೆ ದಾರಿ? ಕ್ಲೋರಿನ್ನನ್ನು ಸಾಲವೆಂದು ತಿಳಿಯಬೇಕು. ಹೊರಬಂದ ಫೆರಿಕ್ ಕ್ಲೋರೈಡನ್ನು ಆಮ್ಲಜನಕದೊಡನೆ ಕಾಯಿಸಿದರೆ ಕಬ್ಬಿಣವು ಕೆಮ್ಮಣ್ಣಿನ ಬಣ್ಣದ ಪುಡಿಯಾಗಿ ಉದುರುತ್ತದೆ, ಕ್ಲೋರಿನ್ ಬಿಡುಗಡೆಯಾಗುತ್ತದೆ. ನಮ್ಮ 5 ಕಿಲೋ ಕಬ್ಬಿಣದಿಂದ ಸುಮಾರು 7 ಕಿಲೋ ಕೆಂಪು ಪುಡಿ ಬರುತ್ತದೆ. ಕ್ಲೋರಿನ್ ಮತ್ತೆ ಕುಲುಮೆಗೆ ಹೋಗುತ್ತದೆ. ಫೆರಿಕ್ ಕ್ಲೋರೈಡನ್ನು ಹಾಗೇ ಇಟ್ಟುಕೊಂಡರೂ ಕೊಳಚೆ ನೀರು ತಿಳಿಮಾಡಲು ಬೇಡಿಕೆಯಿದೆ.

ಈ ವಿಧಾನವನ್ನು ಪ್ರಯೋಗಾಲಯಗಳಲ್ಲಿ ಪರೀಕ್ಷಿಸಿದ್ದಾರೆ. ಕ್ರೋಮೈಟ್ ಗಣಿಗಳಲ್ಲಿ ಇನ್ನೂ ದಿನನಿತ್ಯದ ಪದ್ಧತಿಯಾಗಿಲ್ಲ. ಕ್ಲೋರಿನ್ ಪಳಗಿಸುವ ವಿದ್ಯೆ ಮಾತ್ರ ನಮ್ಮ ನೆರೆಯಲ್ಲೇ ಇದೆ: ಕೇರಳದ ಚವರದಲ್ಲಿ ಕಡಲ ಮರಳಿನ ಖನಿಜಕ್ಕೆ ಕ್ಲೋರಿನ್ ಹಾಯಿಸಿಯೇ ಬಣ್ಣಕ್ಕೆ ಬೇಕಾದ ಟೈಟಾನಿಯಂ ಬಿಳಿಪುಡಿ ತಯಾರಿಸುತ್ತಾರೆ. ಒಳ್ಳೆಯ ಅದಿರು ಭೂಮಿಯಲ್ಲಿ ಲೆಕ್ಕದಷ್ಟೇ ಇದೆ. ಅದು ಮುಗಿದಂತೆಲ್ಲ ಕಡಿಮೆ ದರ್ಜೆಯದನ್ನು ಹಸನು ಮಾಡಲೇಬೇಕಾಗುತ್ತದೆ. ಆಗ ಕಬ್ಬಿಣ ಎಷ್ಟು ಹೋಯಿತು ಎನ್ನುವುದರ ಜೊತೆಗೆ, ಕ್ಲೋರಿನ್ ಎಷ್ಟು ವಾಪಸ್ ಬಂತು ಎಂದೂ ಕೇಳುವವರು ನೀವಾಗಬೇಕು. ಸಾಲ ತೀರದ ಖಾತೆಯಲ್ಲಿ ಲಾಭ ಬರೆಯಬಾರದು.

ಈ ವಾರದ ಲೆಕ್ಕ: 100 ಕಿಲೋ ಅದಿರಿನಲ್ಲಿ ಕ್ರೋಮಿಯಂ 27 ಕಿಲೋ, ಕಬ್ಬಿಣ 15 ಕಿಲೋ ಇದೆ. ಅನುಪಾತ 3 ಆಗಲು ಎಷ್ಟು ಕಬ್ಬಿಣ ಹೊರಡಬೇಕು? ಅದಕ್ಕೆ ಎಷ್ಟು ಕ್ಲೋರಿನ್ ಬೇಕು? ಮಾಡಿ, ನಿಮ್ಮ ಅಜ್ಜನಿಗೆ ತೋರಿಸಿ. ಅಜ್ಜಂದಿರೇ, ಕ್ಯಾಲ್ಕುಲೇಟರ್ ಮುಟ್ಟದೆ ತಾಳೆ ನೋಡಿ!